ಆರು ನಿಮಿಷ ಬಾಯಿ ಬಿಡದ ಮಗು

ಎಳೆಯರ ಶಿಕ್ಷಣ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ನನ್ನ ಮೊಮ್ಮಗಳಿಗೆ ಮಾತು ಬರುವುದಿಲ್ಲ ಎಂದು ತೀರ್ಮಾನಿಸಿ ತಾವು ಸಹಿ ಹಾಕಿದ ಕಾಗದ ನನ್ನ ಕೈಯಲ್ಲಿದೆ. ‘ಮಾತು: ಇಲ್ಲ. ವಸ್ತುಗಳ ಬಳಕೆ: ಇಲ್ಲ. ಎಣಿಕೆ: ಇಲ್ಲ. ಸ್ಪಂದನೆ: ಇಲ್ಲ.’ ಇಡೀ ಹಾಳೆಯಲ್ಲಿ ಇರುವುದೆಂದರೆ ತಮ್ಮ ಸಹಿ ಒಂದೇ. ಆದಕಾರಣ ಬರುವ ಸೋಮವಾರದಿಂದ ಅವಳು ಈಗಿನ ಶಿಶುಶಾಲೆಯನ್ನು ಬಿಟ್ಟು ಊರಿನ ಆ ತುದಿಯಲ್ಲಿರುವ ‘ಪೂರ್ವಸಿದ್ಧತಾ ಕೇಂದ್ರ’ಕ್ಕೆ ಹೋಗತಕ್ಕದ್ದು ಎಂದು ಆದೇಶವಾಗಿದೆ. ಅವಳಿಗೆ ನಾಲ್ಕು ವರ್ಷ ಹತ್ತು ತಿಂಗಳು. ಈ ಕಾಗದ ಮನೆಗೆ ಬಂದ ದಿನ ಅವಳು ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ತಮ್ಮ ಅವಗಾಹನೆಗೆ ತರುತ್ತೇನೆ: ಇರುವೆಗೆ ಸುಸ್ತಾದರೆ ಎಲ್ಲಿ ಕೂರುತ್ತದೆ, ನೆರಳಿಗೆ ಚಪ್ಪಲಿ ಯಾಕಿಲ್ಲ, ಬೋಳುತಲೆಯವರು ಮುಖ ತೊಳೆಯುವಾಗ ಎಲ್ಲಿಗೆ ನಿಲ್ಲಿಸಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ. ಕೊನೆಯದನ್ನು ನನ್ನ ತಲೆ ನೋಡಿಕೊಂಡೇ ಕೇಳಿದಳು. ಈ ಮಗುವಿಗೆ ಮಾತಿಲ್ಲ ಎನ್ನುವುದಾದರೆ, ಸ್ವಾಮಿ, ನಮ್ಮ ಮನೆಯಲ್ಲಿ ಇಷ್ಟು ದಿನ ಮಾತಾಡುತ್ತಿದ್ದವರು ಯಾರು?

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರೋ ದೊಡ್ಡ ಮನುಷ್ಯ ಎಂದುಕೊಂಡೀರಿ. ನಾನು ಆ ಶಿಶುಶಾಲೆಯ ವ್ಯಾನು ಓಡಿಸುವವನು. ವಯಸ್ಸು ಐವತ್ತು, ಈ ಕೆಲಸಕ್ಕೆ ಹತ್ತೊಂಬತ್ತು ವರ್ಷ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಹದಿನಾಲ್ಕು ಮಕ್ಕಳನ್ನು ಗೇಟಿನ ಹತ್ತಿರ ಇಳಿಸಿದರೆ ಮತ್ತೆ ಹನ್ನೆರಡೂವರೆಯವರೆಗೆ ನನಗೂ ಕೆಲಸವಿಲ್ಲ, ವ್ಯಾನಿಗೂ ಇಲ್ಲ. ಗೋಡೆಯ ನೆರಳಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಈ ಪತ್ರವನ್ನು ತುಂಡುತುಂಡಾಗಿ ಮಾತಾಡಿ ಮಗಳಿಗೆ ಕಳಿಸಿದ್ದೇನೆ. ಅವಳು ಪ್ಯಾಕಿಂಗ್ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಇದನ್ನು ತಿದ್ದಿ ಟೈಪ್ ಮಾಡಿದ್ದಾಳೆ. ‘ಅಪ್ಪಾ, ಹದಿನೇಳು ವಾಯ್ಸ್ ನೋಟ್ ಆಯ್ತು, ನೀನಿನ್ನೂ ವಿಷಯಕ್ಕೇ ಬಂದಿಲ್ಲ,’ ಎಂದು ಅವಳು ಬೈದಿರುವುದರಿಂದ ವಿಷಯಕ್ಕೆ ಬರುತ್ತೇನೆ.

ನಾನು ಓದಿದ್ದು ಹತ್ತನೇ ತರಗತಿ. ಆದರೆ ಒಂದು ಪುಸ್ತಕವನ್ನು ಮಾತ್ರ ನಾಲ್ಕು ಸಲ ಓದಿದ್ದೇನೆ. ಅದು ತಮ್ಮದೇ ಇಲಾಖೆ ಅಚ್ಚು ಹಾಕಿಸಿದ ಹಸಿರು ರಟ್ಟಿನ ಕೈಪಿಡಿ: ‘ಎಳೆಯರ ಕಲಿಕೆ, ಸಿದ್ಧಾಂತಗಳು ಮತ್ತು ಪರಿಕಲ್ಪನೆಗಳು.’ ತೊಂಬತ್ತಾರು ಪುಟ. ಮೊದಲಲ್ಲಿ ತಮ್ಮ ಮುನ್ನುಡಿ, ಅದರ ಎದುರಿಗೆ ತಮ್ಮ ನಗುಮುಖ. ತರಬೇತಿ ಮುಗಿಸಿ ಬಂದ ಟೀಚರಮ್ಮ ಅದನ್ನು ನನ್ನ ಗಾಡಿಯಲ್ಲಿ ಬಿಟ್ಟು ಹೋಗಿದ್ದರು. ಕೊಡಲು ಹೋದರೆ, ‘ನೀವೇ ಇಟ್ಕೊಳಿ ಡ್ರೈವರಣ್ಣ, ನನಗೆ ಎರಡು ಕೊಟ್ಟಿದಾರೆ. ಕಾಯೋ ಹೊತ್ತಲ್ಲಿ ಓದಿ, ನಿದ್ದೆ ಚೆನ್ನಾಗಿ ಬರತ್ತೆ,’ ಎಂದರು. ಬರಲಿಲ್ಲ. ಮೊದಲ ಓದಿಗೆ ಇದ್ದ ನಿದ್ದೆಯೂ ಹೋಯಿತು, ಏಕೆಂದರೆ ನಾನು ನನ್ನ ಮಗಳನ್ನು ಬೆಳೆಸಿದ ಕ್ರಮವೆಲ್ಲ ಅದರಲ್ಲಿ ‘ಮಾಡಬಾರದವು’ ಎಂಬ ತಲೆಬರಹದ ಕೆಳಗಿತ್ತು.

ಒಳ್ಳೆಯ ಪುಸ್ತಕ ಸ್ವಾಮಿ. ಹೊಗಳಿಕೆಯಲ್ಲ, ಮನಸ್ಸಿನಿಂದ ಹೇಳುತ್ತಿದ್ದೇನೆ. ಪದಗಳು ಸ್ವಲ್ಪ ದಪ್ಪ, ಅಷ್ಟೆ. ‘ಸಮೀಪ ವಿಕಾಸ ವಲಯ’ ಎಂಬುದನ್ನು ಓದಿ ನಾನು ಟೀಚರಮ್ಮನ ಹತ್ತಿರ ಹೋಗಿ, ‘ಇದೇನಮ್ಮ, ಹವಾಮಾನ ವರದಿ ಇದ್ದ ಹಾಗಿದೆ. ಈ ವಲಯದಲ್ಲಿ ಮಳೆ ಬರತ್ತಾ?’ ಎಂದು ಕೇಳಿದೆ. ಅವರು ನಕ್ಕು, ‘ನಿಮ್ಮ ವ್ಯಾನಿನ ಮೆಟ್ಟಿಲು ನೆನೆಸ್ಕೊಳಿ,’ ಎಂದರು. ‘ಹೊಸ ಮಗು ಬಂದಾಗ ಅದಕ್ಕೆ ತಾನಾಗೇ ಹತ್ತಕ್ಕಾಗಲ್ಲ. ನೀವು ಎತ್ತಿ ಒಳಗೆ ಹಾಕಿದ್ರೆ ಅದು ಯಾವತ್ತೂ ಕಲಿಯಲ್ಲ. ಎರಡು ಬೆರಳು ಕೊಟ್ರೆ ಹತ್ತತ್ತೆ. ಆ ಎರಡು ಬೆರಳಿನ ಜಾಗ ಇದೆಯಲ್ಲ, ಅದೇ ವಲಯ.’ ಹತ್ತೊಂಬತ್ತು ವರ್ಷ ನಾನು ಮಾಡುತ್ತಿದ್ದ ಕೆಲಸಕ್ಕೆ ಇಷ್ಟು ದೊಡ್ಡ ಹೆಸರಿದೆ ಎಂದು ಅಂದೇ ತಿಳಿದದ್ದು. ಮೊದಲು ಎರಡು ಬೆರಳು, ಆಮೇಲೆ ಒಂದು, ಆಮೇಲೆ ಮಗುವೇ ನಮ್ಮ ಕೈ ತಳ್ಳಿ ‘ಬಿಡು, ನಾನೇ’ ಎನ್ನುತ್ತದೆ. ಗೋಡೆ ಏಳುವ ತನಕ ಸಾರುವೆ ಕಟ್ಟಿ, ಎದ್ದ ಮೇಲೆ ಬಿಚ್ಚಬೇಕು ಎಂದು ತಾವೂ ಮೂವತ್ತೆಂಟನೆಯ ಪುಟದಲ್ಲಿ ಬರೆದಿದ್ದೀರಿ. ಹಾಗಾದರೆ ಗೋಡೆ ಅರ್ಧಕ್ಕೆ ಬಂದಾಗ ಸಾರುವೆಯನ್ನು ಕಿತ್ತು ಊರಾಚೆ ಒಯ್ಯಿರಿ ಎಂದು ಬರೆದಿರುವುದು ಯಾವ ಪುಟದಲ್ಲಿ? ನನ್ನ ಪ್ರತಿಯಲ್ಲಿ ಅದಿಲ್ಲ. ಹೊಸ ಮುದ್ರಣದಲ್ಲಿ ಸೇರಿಸಿದ್ದರೆ ದಯವಿಟ್ಟು ಒಂದು ಪ್ರತಿ ಕಳಿಸಿ.

ಈಗ ನನ್ನ ಮೊಮ್ಮಗಳ ವಿಷಯ. ಕೂತಲ್ಲಿ ಕೂರದವಳು, ಆದ್ದರಿಂದ ಮನೆಯಲ್ಲಿ ನಾವು ಅವಳನ್ನು ಮಿಡತೆ ಎನ್ನುತ್ತೇವೆ. ಆದರೆ ಎರಡು ವರ್ಷದ ಹಿಂದೆ ಅವಳು ಮಿಡತೆಯಾಗಿರಲಿಲ್ಲ. ಅವಳಿಗೆ ಮೂರು ತುಂಬುವುದಕ್ಕೆ ಎರಡು ತಿಂಗಳಿದ್ದಾಗ ಅವಳ ಅಪ್ಪ, ನನ್ನ ಅಳಿಯ, ಬೈಕಿನಲ್ಲಿ ಕೆಲಸಕ್ಕೆ ಹೋದವನು ಹಿಂದಿರುಗಲಿಲ್ಲ. ಮಗಳು ಮಗುವನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ಅದುವರೆಗೆ ಗಿಣಿಯ ಹಾಗೆ ಹರಟುತ್ತಿದ್ದ ಕೂಸು ಅಂದಿನಿಂದ ಒಂದು ಅಕ್ಷರ ಆಡಲಿಲ್ಲ. ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಾಗಿದ್ದರೆ ಮನೆ ಯಾಕೆ ಹಾಗೆ ಬಿಕೋ ಎನ್ನುತ್ತಿತ್ತು?

ಶಿಶುಶಾಲೆಗೆ ಹಾಕಿದೆವು. ಮೊದಲ ದಿನವೇ ಹೋಗಿ ಟೀಚರಮ್ಮನ ಮೇಜಿನ ಕೆಳಗೆ ಕುಳಿತಳು. ಎರಡನೆಯ ದಿನವೂ ಅಲ್ಲೇ. ಆಯಮ್ಮ, ಅಂದರೆ ಅಲ್ಲಿ ಮಕ್ಕಳ ಕೈಬಾಯಿ ತೊಳೆಸುವಾಕೆ, ‘ಎಳೆದು ಹೊರಗೆ ಕೂರಿಸ್ಲಾ ಟೀಚರೇ?’ ಎಂದಳಂತೆ. ‘ಬೇಡ, ಅವಳು ಅಲ್ಲೇ ಇರ್ಲಿ. ನಾವೇ ಹತ್ರ ಹೋಗೋಣ,’ ಎಂದು ಟೀಚರಮ್ಮ ಕುರ್ಚಿ ಬಿಟ್ಟು ನೆಲದ ಮೇಲೆ ಕೂರಲು ಶುರುಮಾಡಿದರು. ಪ್ರತಿದಿನ ಮಾತಿಲ್ಲದೆ ಒಂದು ಬಣ್ಣದ ಕಡ್ಡಿಯನ್ನು ಮೇಜಿನ ಕೆಳಗೆ ಉರುಳಿಸುತ್ತಿದ್ದರು. ಅದು ಅಲ್ಲೇ ಬಿದ್ದಿರುತ್ತಿತ್ತು. ಏಳನೆಯ ವಾರದಲ್ಲೋ ಎಂಟನೆಯ ವಾರದಲ್ಲೋ ಒಂದು ಕಡ್ಡಿ ಹೊರಗೆ ಉರುಳಿ ಬಂತು. ಟೀಚರಮ್ಮ ಅದನ್ನು ಮತ್ತೆ ಒಳಗೆ ಉರುಳಿಸಿದರು. ಹೀಗೆ ಕಡ್ಡಿ ಆಚೆ ಈಚೆ ಓಡಾಡುತ್ತ ಐದು ತಿಂಗಳು ಕಳೆಯಿತು. ಒಂದು ದಿನ ಅವರು ನೀಲಿ ಕೊಟ್ಟರೆ ಮೇಜಿನ ಕೆಳಗಿನಿಂದ ‘ಕೆಂಪು’ ಎಂದು ಕೇಳಿಸಿತು. ಟೀಚರಮ್ಮ ಗೇಟಿನವರೆಗೆ ಓಡಿ ಬಂದು ನನಗೆ ಹೇಳಿದರು. ನಾವಿಬ್ಬರೂ ವ್ಯಾನಿನ ಹಿಂದೆ ನಿಂತು, ಐವತ್ತರ ಹತ್ತಿರದ ಇಬ್ಬರು ದೊಡ್ಡವರು, ಕಣ್ಣು ಒರೆಸಿಕೊಂಡೆವು. ಆಯಮ್ಮ ಬಂದು, ‘ಏನಾಯ್ತು, ಯಾರು ಹೋದ್ರು?’ ಎಂದಳು.

ತಮ್ಮ ಕೈಪಿಡಿಯ ಇಪ್ಪತ್ತೆರಡನೆಯ ಪುಟದಲ್ಲಿ ಇದಕ್ಕೆ ‘ಸುರಕ್ಷಿತ ನೆಲೆ’ ಎಂಬ ಹೆಸರಿದೆ. ಹಿಂದಿರುಗಿ ಬರಲು ಒಂದು ಮಡಿಲು ಇದೆ ಎಂಬ ಧೈರ್ಯವಿದ್ದರೆ ಮಾತ್ರ ಮಗು ಲೋಕವನ್ನು ನೋಡಲು ಹೊರಡುತ್ತದೆ, ಆ ನೆಲೆಯನ್ನು ಪದೇಪದೇ ಬದಲಿಸಿದರೆ ಕಲಿತದ್ದೂ ಹಿಂದಕ್ಕೆ ಸರಿಯುತ್ತದೆ ಎಂದು ಅಲ್ಲಿದೆ. ಆ ಪುಟಕ್ಕೆ ನಾನು ಅಡಿಗೆರೆ ಎಳೆದಿದ್ದೇನೆ. ತಾವು ಅದೇ ಮಗುವಿನ ಹೆಸರಿಗೆ ಅಡ್ಡಗೆರೆ ಎಳೆದಿದ್ದೀರಿ.

ಇನ್ನು ಮೌಲ್ಯಮಾಪನದ ದಿನ ಏನಾಯಿತು ಎಂಬುದನ್ನು ಹೇಳಬೇಕು. ಇಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಟ್ಟು ಪತ್ರ ಬರೆದರೆ ನನಗೂ ತಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಹಿಂದಿನ ವಾರ ತಮ್ಮ ಕಚೇರಿಯಿಂದ ಸುತ್ತೋಲೆ ಬಂತು: ಮೌಲ್ಯಮಾಪಕರು ಬರುವ ದಿನ ಆಟಿಕೆಗಳನ್ನು ‘ಸುಸ್ಥಿತಿಯಲ್ಲಿ ಪ್ರದರ್ಶಿಸತಕ್ಕದ್ದು.’ ಮಕ್ಕಳ ಕೈಗೆ ಸಿಕ್ಕ ಆಟಿಕೆ ಸುಸ್ಥಿತಿಯಲ್ಲಿ ಇರುವುದುಂಟೇ? ಆದ್ದರಿಂದ ಶಾಲೆಯವರು ಅವನ್ನೆಲ್ಲ ತೊಳೆದು, ಗಾಜಿನ ಬೀರುವಿನಲ್ಲಿ ಜೋಡಿಸಿ, ಬೀಗ ಹಾಕಿದರು. ಮೂರು ದಿನ ಮಕ್ಕಳು ಗಾಜಿಗೆ ಮೂಗು ಒತ್ತಿಕೊಂಡು ತಮ್ಮ ಗೊಂಬೆಗಳನ್ನು ನೋಡಿದರು. ‘ಆಟವೇ ಮಗುವಿನ ಕೆಲಸ’ ಎಂದು ಒಂಬತ್ತನೆಯ ಪುಟದಲ್ಲಿ ಬರೆದವರು ತಾವೇ. ಹಾಗಿದ್ದಮೇಲೆ ಕಾರ್ಖಾನೆಗೆ ಬೀಗ ಜಡಿದು, ಕೆಲಸಗಾರರಿಗೆ ಕೆಲಸ ಗೊತ್ತಿದೆಯೇ ಎಂದು ಪರೀಕ್ಷೆ ಮಾಡಲು ಬಂದಿರಿ ಎಂದಾಯಿತಲ್ಲ.

ಹಿಂದಿನ ದಿನ ದೊಡ್ಡ ಟೀಚರು, ಅಂದರೆ ಶಾಲೆಯ ಮುಖ್ಯಸ್ಥೆ, ನನ್ನನ್ನು ಕರೆದು, ‘ನಾಳೆ ಮೇಲಿನವರು ಬರ್ತಾರೆ. ಮಕ್ಕಳು ಗಲಾಟೆ ಮಾಡದ ಹಾಗೆ ವ್ಯಾನಲ್ಲೇ ಸ್ವಲ್ಪ ಹೇಳಿ ಇಳಿಸಿ. ನಿಮ್ಮ ಮಾತು ಕೇಳ್ತಾರೆ,’ ಎಂದರು. ಹೌದು, ಕೇಳುತ್ತಾರೆ. ಅದೇ ಆದ ಅನಾಹುತ. ಮಕ್ಕಳಿಗೆ ‘ಸುಮ್ಮನಿರಿ’ ಎಂದರೆ ಎರಡು ನಿಮಿಷವೂ ಇರುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೆ ನಾನು ಬುದ್ಧಿವಂತಿಕೆ ಮಾಡಿದೆ. ಅದನ್ನು ಆಟ ಮಾಡಿಬಿಟ್ಟೆ.

‘ಇವತ್ತು ಕಲ್ಲಿನ ಆಟ,’ ಎಂದೆ ಮರುದಿನ ಬೆಳಿಗ್ಗೆ ವ್ಯಾನಿನಲ್ಲಿ. ‘ಹೊಸ ಮೇಡಂ ಒಬ್ರು ಬರ್ತಾರೆ. ಅವರು ಎದುರಿಗೆ ಕೂತ ತಕ್ಷಣ ನೀವೆಲ್ಲ ಕಲ್ಲು. ಕೈ ಆಡಿಸೋ ಹಾಗಿಲ್ಲ, ಬಾಯಿ ಬಿಡೋ ಹಾಗಿಲ್ಲ, ಏನೂ ಮುಟ್ಟೋ ಹಾಗಿಲ್ಲ. ಕೊನೇವರೆಗೂ ಕಲ್ಲಾಗಿದ್ದೋರಿಗೆ ಒಂದು ವಾರ ನನ್ನ ಹಿಂದಿನ ಕಿಟಕಿ ಸೀಟು.’

ಆ ಕಿಟಕಿ ಸೀಟಿನ ಬೆಲೆ ತಮಗೆ ಗೊತ್ತಿರಲಾರದು. ಅದಕ್ಕಾಗಿ ಅಲ್ಲಿ ಕಚ್ಚಾಟವೇ ನಡೆದಿದೆ. ಮಿಡತೆ ಎದ್ದು ನಿಂತು ವಿಚಾರಣೆ ಶುರುಮಾಡಿದಳು.

‘ನಗಬಹುದಾ ತಾತ?’

‘ಕಲ್ಲು ನಗತ್ತಾ?’

‘ಕಣ್ಣು ಮಿಟುಕಿಸಿದ್ರೆ?’

‘ಅಷ್ಟು ಮಾಡ್ಕೋ.’

‘ಮೂಗು ತುರಿಸಿದ್ರೆ?’

‘ಅಮ್ಮಾ ತಾಯಿ, ಕೂತ್ಕೋ. ಗಾಡಿ ಹೊರಡಬೇಕು.’

ಮೌಲ್ಯಮಾಪಕರು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಕೆಟ್ಟವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆವರು ಒರೆಸಿಕೊಳ್ಳುತ್ತ ಗೇಟಿನ ಹತ್ತಿರ ನೀರು ಕೇಳಿದಳು, ನನ್ನ ಬಾಟಲಿಯಿಂದಲೇ ಕೊಟ್ಟೆ. ‘ಇವತ್ತು ಮೂರು ಶಾಲೆ ಮುಗಿಸ್ಬೇಕು ಅಣ್ಣ,’ ಎಂದಳು. ‘ಒಂದು ಮಗೂಗೆ ಆರು ನಿಮಿಷ. ಏಳನೇ ನಿಮಿಷಕ್ಕೆ ಈ ಟ್ಯಾಬು ತಾನಾಗೇ ಮುಂದಿನ ಮಗೂಗೆ ಹೋಗ್ಬಿಡತ್ತೆ.’ ಮಗು ಪ್ರಭಾವಕ್ಕೆ ಒಳಗಾಗಬಾರದೆಂಬ ತಮ್ಮ ನಿಯಮದಂತೆ ಟೀಚರಮ್ಮನನ್ನು ಕೋಣೆಯ ಹೊರಗೆ ನಿಲ್ಲಿಸಿದರು. ಪರಿಚಿತರು ಪಕ್ಕದಲ್ಲಿರುವಾಗ, ಪರಿಚಿತ ವಸ್ತುಗಳೊಡನೆ, ಹಲವು ದಿನ ಗಮನಿಸಿ ಮಗುವನ್ನು ಅರಿಯಬೇಕು ಎಂದು ಕೈಪಿಡಿಯ ಅರವತ್ತೊಂದನೆಯ ಪುಟ ಹೇಳುತ್ತದೆ. ಪರಿಚಿತರು ಹೊರಗೆ, ಪರಿಚಿತ ವಸ್ತುಗಳು ಬೀಗದೊಳಗೆ, ಹಲವು ದಿನದ ಬದಲು ಆರು ನಿಮಿಷ. ಒಂದು ವಾಕ್ಯದಲ್ಲಿದ್ದ ಮೂರನ್ನೂ ಒಂದೇ ಬೆಳಿಗ್ಗೆ ತಪ್ಪಿಸುವುದು ಸುಮ್ಮನೆ ಆಗುವ ಕೆಲಸವಲ್ಲ, ಅದಕ್ಕೆ ಒಂದು ಇಲಾಖೆಯೇ ಬೇಕು.

ಹನ್ನೆರಡೂವರೆಗೆ ಮಿಡತೆ ಬಂದಳು. ನಡೆದು ಬಂದಳು, ಅದೇ ಆಶ್ಚರ್ಯ, ಯಾವತ್ತೂ ಹಾರಿಕೊಂಡು ಬರುವವಳು. ಕೈ ಹಿಂದೆ, ತುಟಿ ಬಿಗಿ. ವ್ಯಾನು ಹತ್ತಿ ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

‘ಮೇಡಂ ಹೋದ್ರಾ?’

‘ಹೋದ್ರು.’

‘ಪಕ್ಕಾ?’

‘ಪಕ್ಕಾ.’

ಹಿಡಿದಿಟ್ಟ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟಳು. ‘ತಾತ, ನಾನೇ ಗೆದ್ದೆ. ಎಲ್ಲರೂ ಔಟು. ಮೇಡಂ ಅಂಗಿ ಗುಂಡಿ ಇಟ್ರು, ನಾನು ಮುಟ್ಲಿಲ್ಲ. ಹೆಸರು ಕೇಳಿದ್ರು, ಹೇಳ್ಲಿಲ್ಲ. ಎಷ್ಟಿದೆ ಎಣಿಸು ಅಂದ್ರು, ಮನಸ್ಸಲ್ಲೇ ಎಣಿಸ್ಕೊಂಡೆ. ಆಮೇಲೆ ಚಾಕ್ಲೇಟು ತೋರಿಸಿದ್ರು ತಾತ. ಆದ್ರೂ ನಾನು ಕಲ್ಲು.’

ನಾನು ಶಭಾಷ್ ಎಂದೆ. ಬೆನ್ನು ತಟ್ಟಿದೆ. ಕಿಟಕಿ ಸೀಟಿನಲ್ಲಿ ಕೂರಿಸಿದೆ. ಹದಿನಾಲ್ಕು ಮಕ್ಕಳಲ್ಲಿ ಒಬ್ಬಳೇ ಗೆದ್ದಳು ಎಂದು ದಾರಿಯುದ್ದಕ್ಕೂ ಎದೆಯುಬ್ಬಿಸಿಕೊಂಡು ಗಾಡಿ ಓಡಿಸಿದೆ. ಅವಳು ಗೆದ್ದದ್ದು ಏನು ಎಂಬುದು ಒಂಬತ್ತು ದಿನದ ಮೇಲೆ ಅಂಚೆಯಲ್ಲಿ ಬಂತು.

ಸ್ವಾಮಿ, ತಮ್ಮ ನಲವತ್ತನಾಲ್ಕನೆಯ ಪುಟವನ್ನು ಒಮ್ಮೆ ತೆರೆಯಿರಿ. ನಿಯಮವಿರುವ ಆಟದಲ್ಲಿ ಮಗು ತನ್ನ ವಯಸ್ಸಿಗೆ ಮೀರಿದ ಸಂಯಮ ತೋರಿಸುತ್ತದೆ, ಅದು ಮುಂದಿನ ಎಲ್ಲ ಕಲಿಕೆಯ ಬೇರು ಎಂದಿದೆ. ಚಾಕಲೇಟು ಕಣ್ಣೆದುರಿಗಿದ್ದರೂ ಆರು ನಿಮಿಷ ಅಲುಗದೆ ಕುಳಿತ ನಾಲ್ಕು ವರ್ಷದ ಮಗುವಿಗಿಂತ ದೊಡ್ಡ ಉದಾಹರಣೆ ಆ ಪುಟಕ್ಕೆ ಸಿಕ್ಕೀತೇ? ತಮ್ಮ ಮೌಲ್ಯಮಾಪಕರ ಮುಂದೆ ಆ ಸಿದ್ಧಾಂತವೇ ಎರಡು ಜಡೆ ಹಾಕಿಕೊಂಡು ಕೂತಿತ್ತು. ಅವರು ಅದಕ್ಕೆ ‘ಇಲ್ಲ’ ಎಂದು ಗುರುತು ಹಾಕಿ ಮುಂದಿನ ಮಗುವನ್ನು ಕರೆದರು.

ಕಾಗದ ಬಂದ ಸಂಜೆ, ಅದರ ಜೊತೆಗಿದ್ದ ಅಂಕಪಟ್ಟಿ ನೋಡಿಕೊಂಡು, ನಾನೇ ಆ ಗುಂಡಿಗಳ ಪರೀಕ್ಷೆಯನ್ನು ಮಾಡಿ ನೋಡಿದೆ. ಮಗಳ ಹೊಲಿಗೆ ಡಬ್ಬಿಯಿಂದ ಹನ್ನೆರಡು ಗುಂಡಿ ತೆಗೆದು, ಆರಾರರ ಎರಡು ಸಾಲು ಮಾಡಿ, ಒಂದು ಸಾಲನ್ನು ಬಿಡಿಬಿಡಿಯಾಗಿ ಉದ್ದಕ್ಕೆ ಹರಡಿದೆ. ‘ಯಾವುದ್ರಲ್ಲಿ ಜಾಸ್ತಿ ಇದೆ?’ ಎಂದೆ. ‘ಇದ್ರಲ್ಲಿ,’ ಎಂದು ಉದ್ದ ಸಾಲನ್ನು ತೋರಿಸಿದಳು. ‘ಯಾಕೆ?’ ಎಂದೆ. ‘ಇದು ಕಾಲು ಚಾಚಿ ಮಲಗಿದೆ. ಅದು ಮುದುರ್ಕೊಂಡಿದೆ. ಇದಕ್ಕೆ ದೊಡ್ಡ ಹೊದಿಕೆ ಬೇಕು.’ ತಮ್ಮ ಅಂಕಪಟ್ಟಿಯ ಪ್ರಕಾರ ಇದು ತಪ್ಪು ಉತ್ತರ, ಸೊನ್ನೆ. ಆದರೆ ಮೂವತ್ತೊಂದನೆಯ ಪುಟದ ಪ್ರಕಾರ ಈ ವಯಸ್ಸಿನ ಮಕ್ಕಳು ಹೀಗೆಯೇ ನೋಡುತ್ತಾರೆ, ಉದ್ದ ಕಂಡದ್ದನ್ನು ಹೆಚ್ಚು ಎನ್ನುತ್ತಾರೆ, ಅದು ತಪ್ಪಲ್ಲ, ಅವರ ಯೋಚನೆಯ ಹಂತ, ಹೇಗೆ ಯೋಚಿಸುತ್ತಾರೆಂದು ಕೇಳಿ ತಿಳಿಯಿರಿ, ಅಂಕ ಹಾಕಬೇಡಿ. ಯಾರೋ ಪುಣ್ಯಾತ್ಮರು ಮಗುವಿನ ಮನಸ್ಸಿನೊಳಗೆ ಇಣುಕಲು ಒಂದು ಕಿಟಕಿ ಕೊರೆದರು. ತಾವು ಅದಕ್ಕೆ ಸರಳು ಹಾಕಿ, ‘ಪಾಸಾದವರು ಈ ಕಡೆ, ಫೇಲಾದವರು ಆ ಕಡೆ’ ಎಂದು ಬರೆದಿರಿ. ಏಳು ವರ್ಷಕ್ಕೆ ತಾನಾಗಿ ಬರುವ ತಿಳಿವಳಿಕೆಯನ್ನು ಐದರೊಳಗೆ ಕೇಳುವುದು, ಬರದಿದ್ದರೆ ಮಗುವನ್ನು ಸಾಗಿಸುವುದು. ಹಾಲುಹಲ್ಲು ಇನ್ನೂ ಬಿದ್ದಿಲ್ಲವೆಂದು ಬಾಯಿಗೆ ನೋಟಿಸು ಕೊಟ್ಟ ಹಾಗೆ.

ಕಾಗದ ಬಂದ ಮರುದಿನ ಮಿಡತೆಯನ್ನು ಕಂಕುಳಲ್ಲಿ ಎತ್ತಿಕೊಂಡು ತಮ್ಮ ಕಚೇರಿಗೆ ಹೋದೆ. ತಾವು ಸಭೆಯಲ್ಲಿದ್ದಿರಿ. ನಾಲ್ಕನೇ ಕೌಂಟರಿನ ಗುಮಾಸ್ತರು ಕಾಗದ ತಿರುಗಿಸಿ ನೋಡಿ, ‘ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ, ಮುಂದಿನ ವರ್ಷ ಬರತ್ತೆ,’ ಎಂದರು.

‘ಸಾರ್, ಮಗು ಮಾತಾಡತ್ತೆ. ಅವತ್ತು ಆಟ ಆಡ್ತಿತ್ತು, ಅಷ್ಟೇ.’

‘ಮಾತಾಡತ್ತೆ ಅನ್ನೋದಕ್ಕೆ ದಾಖಲೆ ಇದೆಯಾ?’

‘ಮಗೂನೇ ತಂದಿದೀನಿ ಸಾರ್.’

‘ಮಗು ದಾಖಲೆ ಆಗಲ್ಲ ಯಜಮಾನ್ರೇ.’

ಅಷ್ಟರಲ್ಲಿ ಮಗು ಕೌಂಟರಿನ ಮೇಲೆ ಬಗ್ಗಿ, ‘ಅಂಕಲ್, ನಿಮ್ಮ ಪೆನ್ನಿನ ಟೋಪಿ ಎಲ್ಲಿ ಹೋಯ್ತು?’ ಎಂದಿತು. ಅವರು ಮೇಜಿನ ಮೇಲೆ, ಫೈಲಿನ ಕೆಳಗೆ ಹುಡುಕಿದರು. ‘ಕಿವಿ ಹಿಂದೆ ಇದೆ,’ ಎಂದಿತು ಮಗು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತರೂ ನಕ್ಕರು, ಟೋಪಿ ತೆಗೆದು ಪೆನ್ನಿಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ, ‘ನನಗೂ ಕೇಳಿಸ್ತು ಅಣ್ಣ. ಆದ್ರೆ ನನಗೆ ಕೇಳಿಸಿದ್ದು ಸಿಸ್ಟಮ್‌ನಲ್ಲಿ ಹೋಗಲ್ಲ,’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಿಸಿತು ಎಂದಾದರೂ ಒಪ್ಪಿಕೊಂಡರು.

ಸಿಟ್ಟಿಗಿಂತ ನನ್ನನ್ನು ತಿನ್ನುತ್ತಿರುವುದು ಬೇರೆ. ಮನೆಗೆ ಬರುವಾಗ ವ್ಯಾನಿನಲ್ಲಿ ಅವಳು, ‘ತಾತ, ಗೆದ್ದೋರನ್ನ ಬೇರೆ ಸ್ಕೂಲಿಗೆ ಕಳಿಸ್ತಾರಾ?’ ಎಂದು ಕೇಳಿದಳು. ನನಗೆ ಐವತ್ತು ವರ್ಷ. ಬಾಯಿಗೆ ಬೀಗವಿಲ್ಲದವನು ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ. ಅಂದು ಎದುರಿಗೆ ಯಾರೂ ಇಲ್ಲದಿದ್ದರೂ ಹಾರನ್ ಹೊಡೆದೆ. ಈಗ ವ್ಯಾನಿನಲ್ಲಿ ಯಾವ ಆಟ ಶುರುಮಾಡಿದರೂ ಮೊದಲು, ‘ಗೆದ್ರೆ ಏನ್ ಮಾಡ್ತಾರೆ?’ ಎಂದು ಕೇಳುತ್ತಾಳೆ. ಹೇಳಿದ ಮೇಲೂ ಸೇರುವುದಿಲ್ಲ. ಮೊನ್ನೆ ಸಂಜೆ ಮಗಳು ಪಾಳಿ ಮುಗಿಸಿ ಬಂದಾಗ ಮಗು ಕಾಣಲಿಲ್ಲ. ಹುಡುಕಿದರೆ ಊಟದ ಮೇಜಿನ ಕೆಳಗಿದ್ದಳು. ‘ಏನ್ ಮಾಡ್ತಿದೀಯ ಕಂದಾ?’ ಎಂದರೆ, ‘ಏನಿಲ್ಲ ಅಮ್ಮ, ಇಲ್ಲೇ ಇರ್ತೀನಿ,’ ಎಂದಳಂತೆ. ಮಾತು ಇನ್ನೂ ಇದೆ. ಇರುವಾಗಲೇ ಈ ಪತ್ರ ತಮಗೆ ತಲುಪಲಿ ಎಂಬ ಆತುರ ನನ್ನದು. ಅವಳು ಸುಳ್ಳು ಕಾಗದಕ್ಕೆ ತಕ್ಕಂತೆ ಆಗಿಬಿಟ್ಟರೆ ಆಮೇಲೆ ತಮ್ಮ ದಾಖಲೆಯೇ ಸರಿ ಎಂದಾಗುತ್ತದೆ.

ಮೌಲ್ಯಮಾಪನವೇ ಬೇಡ ಎನ್ನುವಷ್ಟು ತಿಳಿಗೇಡಿ ನಾನಲ್ಲ. ಹತ್ತೊಂಬತ್ತು ವರ್ಷದಲ್ಲಿ ನಿಜವಾಗಿಯೂ ಸಹಾಯ ಬೇಕಾದ ಮಕ್ಕಳನ್ನು ಕಂಡಿದ್ದೇನೆ. ಕರೆದರೆ ತಿರುಗದ ಮಗುವಿಗೆ ಕಿವಿಯ ತೊಂದರೆ ಇದೆ ಎಂದು ಅದರ ತಾಯಿಗಿಂತ ಮೊದಲು ಹಾರನ್ ಹೊಡೆಯುವ ನನಗೆ ಅನುಮಾನ ಬಂದದ್ದುಂಟು. ಅಂಥ ಮಗುವಿಗೆ ಬೇಗ ನೆರವು ಸಿಗಬೇಕು, ಒಳ್ಳೆಯ ಕೇಂದ್ರ ಬೇಕು, ಒಪ್ಪಿದೆ. ಆದರೆ ನಮ್ಮ ವ್ಯಾನಿನಿಂದ ತಾವು ಆರಿಸಿರುವ ನಾಲ್ವರನ್ನು ನೋಡಿ. ಒಬ್ಬಳು ಕಲ್ಲಾಗಿದ್ದಳು. ಒಬ್ಬ ಗುಂಡಿಗಳನ್ನು ಎಣಿಸುವ ಬದಲು ಸಾಲಾಗಿಟ್ಟು ರಸ್ತೆ ಮಾಡಿ, ಮೌಲ್ಯಮಾಪಕರ ಪೆನ್ನನ್ನು ಅದರ ಮೇಲೆ ಓಡಿಸಿ, ಸಿಗ್ನಲ್ಲಿನಲ್ಲಿ ನಿಲ್ಲಿಸಿದ. ಒಬ್ಬಳಿಗೆ ಹಿಂದಿನ ದಿನದ ಜ್ವರ, ನಿದ್ದೆ ಹೋದಳು. ಇನ್ನೊಬ್ಬನ ಮನೆಯಲ್ಲಿ ಆಡುವ ಭಾಷೆ ಬೇರೆ, ಪ್ರಶ್ನೆಯೇ ಅರ್ಥವಾಗಲಿಲ್ಲ. ಇದರಲ್ಲಿ ಯಾರಿಗೆ ಯಾವ ಪೂರ್ವಸಿದ್ಧತೆ ಬೇಕು? ಸಿದ್ಧತೆ ಇಲ್ಲದೆ ಬಂದವರು ಆ ಕೋಣೆಯಲ್ಲಿ ಯಾರು, ಮಕ್ಕಳೋ ಇಲಾಖೆಯೋ?

ಈ ಪತ್ರದ ವಿಷಯ ಟೀಚರಮ್ಮನಿಗಾಗಲಿ ಗುಮಾಸ್ತರಿಗಾಗಲಿ ಆ ಮೌಲ್ಯಮಾಪಕ ಹೆಣ್ಣುಮಗಳಿಗಾಗಲಿ ತಿಳಿಯದು. ಅವರನ್ನು ಕರೆಸಿ ವಿವರಣೆ ಕೇಳುವ ಶ್ರಮ ತೆಗೆದುಕೊಳ್ಳಬೇಡಿ. ಕಲ್ಲಿನ ಆಟ ಹೇಳಿಕೊಟ್ಟವನು ನಾನು. ತಪ್ಪಿತಸ್ಥರ ಹೆಸರು ಬೇಕಿದ್ದರೆ ನನ್ನದನ್ನು ಬರೆದುಕೊಳ್ಳಿ, ದಂಡ ಹಾಕಿ, ಎದುರಿಗೆ ಕೂರಿಸಿಕೊಂಡು ಆರು ನಿಮಿಷ ಬೈಯಿರಿ. ಮಗುವಿನ ಪಟ್ಟಿಯಿಂದ ಮಾತ್ರ ಆ ನಾಲ್ಕು ಇಲ್ಲಗಳನ್ನು ತೆಗೆಯಿರಿ.

ನನ್ನ ಬೇಡಿಕೆ ಇಷ್ಟು. ಸೋಮವಾರದ ವರ್ಗಾವಣೆಯನ್ನು ನಾಲ್ವರಿಗೂ ತಡೆಹಿಡಿಯಬೇಕು. ಬೀರುವಿನ ಬೀಗ ತೆಗೆಸಬೇಕು. ಆಮೇಲೆ ಯಾರನ್ನಾದರೂ ಕಳಿಸಿ, ತಾವೇ ಬಂದರೆ ಇನ್ನೂ ಸಂತೋಷ, ಟ್ಯಾಬು ಇಲ್ಲದೆ ಒಂದು ವಾರ ಆ ಕೋಣೆಯ ನೆಲದ ಮೇಲೆ ಕುಳಿತು ಮಕ್ಕಳನ್ನು ನೋಡಬೇಕು. ಮಂಡಿ ನೋವಿದ್ದರೆ ಸಣ್ಣ ಕುರ್ಚಿ ಇದೆ. ನೋಡಿದ ಮೇಲೂ ಮಿಡತೆಗೆ ಆ ಕೇಂದ್ರವೇ ಬೇಕು ಎಂದು ತಮಗೆ ಅನ್ನಿಸಿದರೆ, ಅದನ್ನು ಅವಳ ತಾಯಿಗೆ ಮುಖ ನೋಡಿ ಹೇಳಿ, ನಾನು ಎದುರಾಡುವುದಿಲ್ಲ.

ಇದಾಗದಿದ್ದರೆ ಸೋಮವಾರ ಏನಾಗುತ್ತದೆ ಎಂಬುದನ್ನೂ ಈಗಲೇ ತಿಳಿಸಿಬಿಡುತ್ತೇನೆ. ಆದೇಶದ ಮೂರನೆಯ ಪುಟದ ಪ್ರಕಾರ ಹತ್ತು ಮಕ್ಕಳನ್ನು ಈ ಗೇಟಿನಲ್ಲಿ ಇಳಿಸಿ, ಉಳಿದ ನಾಲ್ವರನ್ನು ಅದೇ ವ್ಯಾನಿನಲ್ಲಿ ಕೇಂದ್ರಕ್ಕೆ ಒಯ್ಯಬೇಕಾದವನು ನಾನೇ. ಎಂಟೂಮುಕ್ಕಾಲಿಗೆ ನಾನು ಗಾಡಿ ನಿಲ್ಲಿಸಿ ಬಾಗಿಲು ತೆಗೆಯುತ್ತೇನೆ. ಹದಿನಾಲ್ಕೂ ಮಕ್ಕಳು ಇಳಿಯುತ್ತಾರೆ. ನನ್ನನ್ನು ತೆಗೆದುಹಾಕಿದರೆ ಬೀಗದಕೈ ಕೊಟ್ಟು ಹೋಗುತ್ತೇನೆ, ತಕರಾರಿಲ್ಲ. ಆದರೆ ನನ್ನ ಜಾಗಕ್ಕೆ ಬರುವ ಚಾಲಕನಿಗೆ ಒಂದು ಕೆಲಸವನ್ನು ತಾವೇ ಖುದ್ದಾಗಿ ಹೇಳಿಕೊಡಬೇಕಾಗುತ್ತದೆ: ಹತ್ತು ಮಕ್ಕಳು ಇಳಿದ ಮೇಲೆ ನಾಲ್ವರ ಮುಖಕ್ಕೆ ಬಾಗಿಲು ಎಳೆದು, ಗೇಟಿನಲ್ಲಿ ಕೈಚಾಚಿ ನಿಂತ ಟೀಚರನ್ನು ಅವರು ಗಾಜಿನೊಳಗಿಂದ ನೋಡುತ್ತಿರುವಾಗ, ಗಾಡಿಯನ್ನು ಗೇರಿಗೆ ಹಾಕಿ ಮುಂದೆ ಬಿಡುವುದು ಹೇಗೆ ಎಂದು. ಹತ್ತೊಂಬತ್ತು ವರ್ಷದಲ್ಲಿ ನನಗೆ ಅದು ಬಂದಿಲ್ಲ.

ಇಂತಿ,
ತಮ್ಮ ವಿಧೇಯ ಎಂದು ಬರೆಯಲು ಈ ಸಲ ಕೈ ಬಾರದ,
ತಮ್ಮ ಆದೇಶದಲ್ಲಿ ‘ವಾಹನ ವ್ಯವಸ್ಥೆ’ ಎಂದಷ್ಟೇ ನಮೂದಾಗಿರುವ ಒಬ್ಬ ತಾತ